ಅಣ್ಣನ ದಾರಿಗೆ ಬಾರ್ಬೆರಿ

ನನ್ನ ಅಂಗಿಯ ಜೇಬಿನ ಒಳಮಗ್ಗುಲಿಗೆ ಈಗ ಸದಾ ಒಂದು ಪಿನ್ನು ಚುಚ್ಚಿಕೊಂಡಿರುತ್ತದೆ. ಅಂಗಿ ಬದಲಾಯಿಸಿದಾಗ ಅದನ್ನೂ ಹೊಸ ಅಂಗಿಗೆ ಸಾಗಿಸುತ್ತೇನೆ. ಉಮರ್ಗಾದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನ ಹತ್ತಿರ ಪಿನ್ನು ಇರುವುದರಲ್ಲಿ ಏನು ವಿಶೇಷ ಎನ್ನುತ್ತೀರಿ. ಅಂಗಡಿಯ ಗಲ್ಲಾದಲ್ಲಿ ಹಿಡಿ ಹಿಡಿ ಪಿನ್ನುಗಳಿವೆ, ಒಪ್ಪಿದೆ. ಆದರೆ ಇದು ಅಂಗಡಿಯದಲ್ಲ, ನಮ್ಮ ವೈನಿಯ ಬಳೆಯದು. ವೈನಿ ಅಂದರೆ ಅಣ್ಣನ ಹೆಂಡತಿ. ಈ ಕಡೆ ನಮ್ಮ ಕನ್ನಡದ ಮನೆಗಳಲ್ಲಿ ಮರಾಠಿ ಶಬ್ದಗಳು ಚಪ್ಪಲಿ ಬಿಡದೆ ಒಳಗೆ ಬಂದು ಕೂತುಬಿಟ್ಟಿವೆ. ಪಿನ್ನನ್ನು ನಾನು ವಾಪಸು ಕೊಟ್ಟಿಲ್ಲ, ಅವರೂ ಕೇಳಿಲ್ಲ.

ಬೆಳಿಗ್ಗೆ ನಮ್ಮ ಓಣಿಯಲ್ಲಿ ಓಡಾಡುವವರು ನನ್ನ ಇನ್ನೊಂದು ಹೊಸ ಅಭ್ಯಾಸವನ್ನೂ ನೋಡಿರುತ್ತಾರೆ. ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದುಕೊಂಡು, ಸ್ಟೀಲಿನ ತಾಟಿನಲ್ಲಿ ದಾಸವಾಳ ಮತ್ತು ಬಿಲ್ವಪತ್ರಿ ಇಟ್ಟುಕೊಂಡು ನಾನು ಗೇಟಿನಿಂದ ಹೊರಬೀಳುತ್ತೇನೆ. ಓಣಿ ಮುಗಿಸಿ, ಹಿಟ್ಟಿನ ಗಿರಣಿಯ ಹತ್ತಿರ ತಿರುಗಿ, ಹಿಂದಿನ ಓಣಿಗೆ ಬಂದು ಅಣ್ಣನ ಬಾಗಿಲು ಮುಟ್ಟುತ್ತೇನೆ. ನಮ್ಮಿಬ್ಬರ ಮನೆಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ. ನಡುವೆ ಹಿತ್ತಲಿನ ಗೋಡೆ ಅಷ್ಟೇ. ಗಿರಣಿಯವನಿಗೆ ಇದು ಬಗೆಹರಿಯದ ಒಗಟು.

“ಸಾವಕಾರ್ರ, ಗ್ವಾಡಿ ಆಚೀಗಿ ಅಣ್ಣಾರ ಮನಿ ಅದ. ಇಷ್ಟು ಸುತ್ತಿ ಯಾಕ ಹೊಂಟೀರಿ?” ಎಂದು ಅವನು ಕೇಳುತ್ತಾನೆ.

“ಶುಗರ್ ಅದಪಾ. ಡಾಕ್ಟರ್ ಅಡ್ಡ್ಯಾಡು ಅಂದಾರ,” ಎನ್ನುತ್ತೇನೆ. ನನಗೆ ಶುಗರ್ ಇಲ್ಲ. ಇರುವುದು ನಾಚಿಕೆ. ಅದಕ್ಕೆ ಕಾರಣ ಒಂದು ಗಿಡ.

ಗಿಡದ ಕಥೆಗೆ ಮೊದಲು ಪಿನ್ನಿನದನ್ನು ಹೇಳಿಬಿಡುತ್ತೇನೆ. ನನ್ನ ಚಿಕ್ಕಂದಿನಲ್ಲಿ ಪಿನ್ನಿಲ್ಲದ ಬಳೆಯನ್ನು ನಾನು ನೋಡಿಯೇ ಇರಲಿಲ್ಲ. ಅವ್ವನ ಹಸಿರು ಬಳೆಗಳ ನಡುವೆ ತೂಗಾಡುವ ಪಿನ್ನುಗಳು ನಮ್ಮ ಮನೆಯ ದವಾಖಾನೆ. ದಾಳಿಂಬ ಎಂಬ ಹಳ್ಳಿಯಲ್ಲಿ ನಮ್ಮ ಹೊಲ. ಜೋಳ, ತೊಗರಿ, ಬದುವಿನ ತುಂಬ ಜಾಲಿ. ಅಪ್ಪನಿಗೆ ಬುತ್ತಿ ಒಯ್ಯುವುದು ಅಣ್ಣನ ಕೆಲಸವಾದರೆ ಅವನ ಹಿಂದೆ ಬಾಲ ಹಿಡಿದು ಹೋಗುವುದು ನನ್ನ ಕೆಲಸ. ಅಣ್ಣ ನನಗಿಂತ ಬಹಳ ದೊಡ್ಡವ. ನನ್ನ ಕಾಲಲ್ಲಿ ಚಪ್ಪಲಿ ನಿಲ್ಲುತ್ತಿರಲಿಲ್ಲ. ಒಂದು ಹಳ್ಳದಲ್ಲಿದ್ದರೆ ಇನ್ನೊಂದು ಮನೆಯಲ್ಲಿರುತ್ತಿತ್ತು. ಜಾಲಿ ಮುಳ್ಳು ನನ್ನನ್ನೇ ಹುಡುಕಿಕೊಂಡು ಬರುತ್ತಿತ್ತು.

ಮುಳ್ಳು ಚುಚ್ಚಿದ ಕೂಡಲೇ ನಾನು ಹೊಲವೆಲ್ಲ ಕೇಳುವಂತೆ ಬಾಯಿ ತೆಗೆಯುತ್ತಿದ್ದೆ. ಅಣ್ಣ ಬುತ್ತಿ ಗಂಟನ್ನು ಬದುವಿನ ಮೇಲಿಟ್ಟು, ನನ್ನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು, ಉಡದಾರಕ್ಕೆ ಸಿಕ್ಕಿಸಿದ ಪಿನ್ನು ಬಿಚ್ಚುತ್ತಿದ್ದ. ಅವ್ವನ ಬಳೆಯಿಂದ ಹಾರಿಸಿದ ಪಿನ್ನು ಅದು. ಪಿನ್ನು ಕಂಡರೆ ನಾನು ಮುಳ್ಳಿಗಿಂತ ಹೆಚ್ಚು ಅಳುತ್ತಿದ್ದೆ. ಆಗ ಅಣ್ಣ ಕಣ್ಣು ದೊಡ್ಡದು ಮಾಡಿ ಆಕಾಶಕ್ಕೆ ಬೆರಳು ತೋರಿಸುತ್ತಿದ್ದ.

“ತಮ್ಮಾ, ಅಲ್ಲಿ ನೋಡು, ಹದ್ದು! ಹಾವು ಹಿಡಕೊಂಡು ಹೊಂಟದ!”

ನಾನು ಅಳು ನಿಲ್ಲಿಸಿ ನೋಡುತ್ತಿದ್ದೆ. ನೋಡುವಷ್ಟರಲ್ಲಿ ಮುಳ್ಳು ಹೊರಗೆ. ಮನೆಗೆ ಬಂದ ಮೇಲೆ ಅವ್ವ ಬಿಸಿ ಬೆಲ್ಲ ಹಚ್ಚುತ್ತಿದ್ದಳು. ಅದರಲ್ಲಿ ಅರ್ಧ ಗಾಯಕ್ಕೆ, ಅರ್ಧ ನನ್ನ ಬಾಯಿಗೆ. ಎಷ್ಟು ಸಲ ಮೋಸ ಹೋದರೂ ಮರುದಿನ ಮತ್ತೆ ತಲೆ ಎತ್ತಿ ನೋಡುತ್ತಿದ್ದೆ. ಆಕಾಶದಲ್ಲಿ ಒಮ್ಮೆಯೂ ಹದ್ದು ಇರಲಿಲ್ಲ. ಈ ಬುದ್ಧಿಯವನು ವ್ಯಾಪಾರ ಹೇಗೆ ಮಾಡುತ್ತಾನೆ ಎಂದು ಅಪ್ಪನಿಗೆ ಚಿಂತೆಯಾಗಿತ್ತು.

ಅಪ್ಪ, ಅವ್ವ ಹೋದ ಮೇಲೆ ಮನೆ ಪಾಲಾಯಿತು. ಜಗಳವಿಲ್ಲದೆ ಆಯಿತು ಎಂದು ಊರವರು ಇವತ್ತಿಗೂ ನಮ್ಮನ್ನು ತೋರಿಸಿ ಹೇಳುತ್ತಾರೆ. ಆ ಮಾತು ಕೇಳಿದಾಗ ಈಗೀಗ ನಾನು ಕೆಮ್ಮಿ ಬೇರೆ ಕಡೆ ನೋಡುತ್ತೇನೆ. ಅವ್ವ ಬೆಳೆಸಿದ ದಾಸವಾಳ ಮತ್ತು ಬಿಲ್ವಪತ್ರಿಯ ಮರ ನನ್ನ ಪಾಲಿನ ಹಿತ್ತಲಿಗೆ ಬಿದ್ದವು. ಗೋಡೆ ಕಟ್ಟುವ ದಿನ ಅಣ್ಣ ಗೌಂಡಿಗೆ ಒಂದೇ ಮಾತು ಹೇಳಿದ.

“ಇಲ್ಲಿ ಒಂದ್ ಆಳು ಹೋಗೋಹಂಗ ಜಾಗಾ ಬಿಡು. ಬಾಗಿಲು ಗೀಗಿಲು ಬ್ಯಾಡ. ನಂಗ ಹೂವಿಗಿ ಬರಬೇಕು.”

ನಮ್ಮಲ್ಲಿ ಲಿಂಗಪೂಜೆ ಅಂದರೆ ಗುಡಿಗೆ ಹೋಗಿ ಮಾಡುವುದಲ್ಲ. ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಬಿಚ್ಚಿ ಎಡಗೈಯ ಅಂಗೈ ಮೇಲೆ ಇಟ್ಟುಕೊಂಡು ಮಾಡುವುದು. ಅಣ್ಣ ಅದನ್ನು ಒಂದು ದಿನವೂ ತಪ್ಪಿಸಿದವನಲ್ಲ, ಪೂಜೆಯಾಗದೆ ತುತ್ತು ಮುಟ್ಟಿದವನಲ್ಲ. ನಾನು? ನನ್ನ ಪೂಜೆ ಅಂಗಡಿ ತೆರೆಯುವ ಹೊತ್ತನ್ನು ನೋಡಿಕೊಂಡು ಉದ್ದ ಗಿಡ್ಡ ಆಗುತ್ತದೆ. ಮರ ಇದ್ದದ್ದು ನನ್ನ ಹಿತ್ತಲಲ್ಲಿ. ಹೂವಿನ ಉಪಯೋಗವಿದ್ದದ್ದು ಅಣ್ಣನಿಗೆ.

ಹಾಗಾಗಿ ದಿನಾ ಬೆಳಕು ಹರಿಯುವ ಮೊದಲು ಅಣ್ಣ ಆ ಕಿಂಡಿಯಿಂದ ಬರುತ್ತಿದ್ದ. ಆಗತಾನೇ ಮಿಂದ ಮೈ, ಸೊಂಟಕ್ಕೆ ಒದ್ದೆ ಟವಲು, ಕೈಯಲ್ಲಿ ತಾಟು. ಬಂದವನು ಸುಮ್ಮನೆ ಹೂವು ಹರಿದುಕೊಂಡು ಹೋದರೆ ಅವನು ನಮ್ಮಣ್ಣನೇ ಅಲ್ಲ. ಗಂಟಲು ಸಾಫ್ ಮಾಡಿಕೊಳ್ಳುತ್ತಿದ್ದ. ನಮ್ಮ ಬೆಡ್‌ರೂಮಿನ ಕಿಟಕಿಯ ಕೆಳಗೆ ನಿಂತು, “ಇನ್ನೂ ಮಲಗೀರೇನು? ಗೀಸರ್ ಚಾಲೂ ಬಿಟ್ಟೀರಿ, ಬಿಲ್ಲು ಯಾರಪ್ಪ ಕಟ್ಟಬೇಕು?” ಎನ್ನುತ್ತಿದ್ದ. ನಮ್ಮಪ್ಪನೂ ಅವನಪ್ಪನೂ ಒಬ್ಬರೇ ಆದ್ದರಿಂದ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ನನ್ನ ಹೆಂಡತಿ ಶಕುಂತಲಾ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಹೀಗೆ ಎಷ್ಟೋ ವರ್ಷ ನಡೆಯಿತು.

ನಗು ನಿಂತದ್ದು ಮಗಳನ್ನು ಪುಣೆಗೆ ಕೊಟ್ಟ ಮೇಲೆ. ಬೀಗರು ನಯ ನಾಜೂಕಿನವರು. ಚಹಾದ ಕಪ್ಪನ್ನು ಕೂಡ ಸಪ್ಪಳವಾಗದಂತೆ ಇಡುತ್ತಾರೆ. ಮೊದಲ ಸಲ ನಮ್ಮಲ್ಲಿ ಉಳಿದುಕೊಳ್ಳಲು ಬಂದರು. ನಾನು ಹಿತ್ತಲಿಗೆ ಫರಸಿ ಕಲ್ಲು ಹಾಸಿಸಿ, ಕುರ್ಚಿ ತಂದು, ಬೆಳಗಿನ ಚಹಾಕ್ಕೆ ಅವರನ್ನು ಅಲ್ಲೇ ಕೂರಿಸಿದೆ. ಕಿಂಡಿಯಿಂದ ಅಣ್ಣ ಬಂದ. ಅದೇ ಒದ್ದೆ ಟವಲು, ಹೊಟ್ಟೆಯ ಮೇಲೆ ವಿಭೂತಿ, ಕೈಯಲ್ಲಿ ತಾಟು. ಬೀಗರನ್ನು ಕಂಡು ಅವನಿಗೆ ಬಲು ಖುಷಿ. ಹತ್ತಿರ ಬಂದು ಕೈ ಮುಗಿದ.

“ರಾತ್ರಿ ನಿದ್ದಿ ಹತ್ತಿತೇನ್ರಿ? ನೀರ್ ಬದಲಾಗ್ಯಾದ ನೋಡ್ರಿ. ಹೊಟ್ಟಿ ಸಾಫ್ ಆಯ್ತೋ ಇಲ್ಲೋ?”

ಬೀಗಿತಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಬೀಗರು “ಹೋ ಹೋ, ಝಾಲಾ,” ಹೌದು ಹೌದು, ಆಯಿತು ಎಂದು ಮರಾಠಿಯಲ್ಲಿ ಗೊಣಗಿ ಪೇಪರ್ ಹಿಡಿದರು. ಅಣ್ಣ ಹೂವು ಹರಿದುಕೊಂಡು, ನನ್ನ ಹೆಂಡತಿಗೆ ಅವರಿಗೆ ಬಿಸಿನೀರು ಕೊಡಲು ಹೇಳಿ ಹೋದ. ನನಗೆ ಮೈಯೆಲ್ಲ ಹಿಡಿಯಾಯಿತು. ಆ ದಿನ ನಾನು ನಾಚಿದ್ದು ಅಣ್ಣನಿಗಾಗಿ. ನಾಚಿಕೆಯನ್ನು ತಪ್ಪು ಖಾತೆಗೆ ಹಾಕಿಕೊಂಡದ್ದು ಆವತ್ತಿನಿಂದ.

ಮುಂದೆ ನಾವು ಪುಣೆಗೆ ಹೋದಾಗ ಬೀಗರ ಅಂಗಳದಲ್ಲಿ ಆ ಗಿಡ ನೋಡಿದೆ. ಸೊಂಟದಷ್ಟೆತ್ತರ, ಚಿಕ್ಕ ಚಿಕ್ಕ ಎಲೆ, ಎಲ್ಲವೂ ಕುಂಕುಮಕ್ಕಿಂತ ಸ್ವಲ್ಪ ಕಪ್ಪು ಕೆಂಪು. ಮುಟ್ಟಲು ಹೋದೆ, ಚುಚ್ಚಿತು. ಎಲೆಯ ಬುಡದಲ್ಲಿ ಸೂಜಿಯಂಥ ಮುಳ್ಳು. “ಬಾರ್ಬೆರಿ,” ಎಂದರು ಬೀಗರು. “ಕಿಟಕಿಯ ಕೆಳಗೆ ಹಚ್ಚಿದರೆ ಯಾರೂ ಆ ಕಡೆ ಸುಳಿಯುವುದಿಲ್ಲ. ನೋಡಲೂ ಚಂದ.” ಅವರು ಹೇಳಿದ್ದು ಕಳ್ಳರ ಬಗ್ಗೆ. ನನ್ನ ತಲೆಯಲ್ಲಿ ಬಂದು ನಿಂತದ್ದು ಒದ್ದೆ ಟವಲು.

ವಾಪಸು ಬರುವಾಗ ಸೋಲಾಪುರದ ಈಚೆ ಒಂದು ನರ್ಸರಿಯಲ್ಲಿ ಕಾರು ನಿಲ್ಲಿಸಿದೆ. ನರ್ಸರಿಯವನು ಪ್ರಾಮಾಣಿಕ. “ಸಾಹೇಬ, ಹೇ ಥಂಡ ಹವೇಚ ಝಾಡ,” ಎಂದ. ತಂಪು ಹವೆಯ ಗಿಡ, ನಿಮ್ಮ ಕಡೆಯ ಬಿಸಿಲಿಗೆ ತಾಳುವುದು ಕಷ್ಟ ಎಂದು. ಮುಳ್ಳು ಬೇರೆ ಇವೆ ಎಂದ. ಅದಕ್ಕೇ ಒಯ್ಯುತ್ತಿರುವುದು ಎಂದು ನಾನು ಹೇಳಲಿಲ್ಲ. ಕಿಂಡಿಯ ಅಗಲಕ್ಕೆ ಸಾಕಾಗುವಷ್ಟು ಕುಂಡಗಳನ್ನು ಡಿಕ್ಕಿಯಲ್ಲಿ ಹಾಕಿಸಿಕೊಂಡೆ.

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮೊದಲ ಮಳೆ ಬಿದ್ದ ಮೇಲೆ, ಕಿಂಡಿಯಲ್ಲಿ ಅಣ್ಣ ಕಾಲಿಡುತ್ತಿದ್ದ ಜಾಗದಲ್ಲೇ ಕುಣಿ ತೋಡಿ ಸಾಲಾಗಿ ನಟ್ಟೆ.

“ಏನ್ರೀ ಇದು?” ಎಂದಳು ಶಕುಂತಲಾ.

“ಶೋ.”

“ಮುಳ್ಳಿಂದು ಶೋ? ಅದೂ ಭಾವಾರು ಬರೋ ಹಾದ್ಯಾಗ?”

“ಎಲ್ಲಾದಕ್ಕೂ ತಕರಾರು ನಿಂದು,” ಎಂದು ಕೈ ತೊಳೆಯಲು ಹೋದೆ. ಬಹಳ ಹೊತ್ತು ತೊಳೆದೆ.

ಮರುದಿನ ಬೆಳಿಗ್ಗೆ ನಾನು ಎಚ್ಚರವಾಗಿಯೇ ಇದ್ದೆ, ಕಿಟಕಿಯ ಪರದೆಯ ಹಿಂದೆ. ಅಣ್ಣ ತಾಟು ಹಿಡಿದು ಬಂದ. ನಿಂತ. ಬಗ್ಗಿ ಎಲೆ ಮುಟ್ಟಿದ, ಬೆರಳು ಹಿಂದಕ್ಕೆ ಎಳೆದುಕೊಂಡ. ಗಿಡಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ ಕಿಟಕಿಯ ಕಡೆ ನೋಡಿದ. ಖಾಲಿ ತಾಟು ಹಿಡಿದು ತಿರುಗಿ ಹೋದ. ಮಧ್ಯಾಹ್ನ ಅಂಗಡಿಯ ಮುಂದೆ ಸಿಕ್ಕಾಗ ನಾನೇ ಮೊದಲು ಬಾಯಿ ತೆಗೆದೆ: “ಅಣ್ಣಾ, ಮುಂದಿನ ಬಾಗಿಲಿಂದ ಬಾ. ಯಾರ್ ಬ್ಯಾಡಂತಾರ?” ನಮ್ಮ ಮುಂದಿನ ಗೇಟಿನ ಬೀಗ ನಾನು ಏಳುವವರೆಗೆ ತೆರೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. “ಇರ್ಲಿ ಬಿಡು. ಗಿಡಾ ಛಲೋ ಅವ,” ಎಂದ ಅಣ್ಣ. ನನಗೆ ಗೆದ್ದಂತಾಯಿತು. ಬೆಳಗಿನ ನಿದ್ದೆಯೂ ಚೆನ್ನಾಗಿ ಬರತೊಡಗಿತು.

ಕೆಲವು ದಿನಗಳ ಮೇಲೆ ಅಂಗಡಿಗೆ ಬಂದ ಒಬ್ಬ ಗಿರಾಕಿ ಧೋತರದ ಅಂಚು ನೋಡುತ್ತಾ ಹೇಳಿದ: “ನಿಮ್ಮ ಅಣ್ಣಾರು ಹೈವೇ ನಡುವಿನ ಕಣಗಿಲ ಹೂವು ಹರೀಲಾಕತ್ತಿದ್ರು ನೋಡ್ರಿ. ಎರಡೂ ಕಡಿ ಟ್ರಕ್ ಹೊಂಟಾವ. ವಯಸ್ಸಾಗ್ಯಾದ, ಜರಾ ಹೇಳ್ರಿ ಅವರಿಗಿ.” ಸೋಲಾಪುರ–ಹೈದರಾಬಾದ್ ರಸ್ತೆಯ ನಡುವೆ ಸರ್ಕಾರದವರು ಹಚ್ಚಿದ ಕಣಗಿಲೆ ಅದು, ಡೀಸೆಲ್ ಹೊಗೆ ಕುಡಿದು ಬೆಳೆದದ್ದು. ನನ್ನ ಹಿತ್ತಲಲ್ಲಿ ಅವ್ವನ ದಾಸವಾಳ ಅರಳಿ, ಬಾಡಿ, ಫರಸಿಯ ಮೇಲೆ ಬಿದ್ದು ಕಾಲಿಗೆ ಅಂಟುತ್ತಿತ್ತು. ನಾನು ಧೋತರದ ಬೆಲೆಯಲ್ಲಿ ಅವನು ಕೇಳದೆಯೇ ರಿಯಾಯತಿ ಕೊಟ್ಟೆ. ಯಾಕೆ ಕೊಟ್ಟೆನೆಂದು ಅವನಿಗೂ ತಿಳಿಯಲಿಲ್ಲ.

ಇತ್ತ ಗಿಡದ ಅವಸ್ಥೆ ಕೇಳಬೇಡಿ. ನಮ್ಮದು ಎರೆ ಮಣ್ಣು, ಮಳೆ ಬಿದ್ದರೆ ನೀರು ಬಿಡುವುದಿಲ್ಲ. ಬಾರ್ಬೆರಿಗೆ ಬುಡದಲ್ಲಿ ನೀರು ನಿಂತರೆ ಆಗುವುದಿಲ್ಲ. ಅದು ಗೊತ್ತಿಲ್ಲದೆ ನಾನು ಮಳೆ ಬಿದ್ದ ದಿನವೂ ಪೈಪು ಹಿಡಿದು ನಿಲ್ಲುತ್ತಿದ್ದೆ. ಎಲೆ ಉದುರಿ ಕಡ್ಡಿಯಾದವು. ಅಂಗಡಿಯ ಹಬ್ಬದ ಸೀಜನ್ ಶುರುವಾದ ಮೇಲೆ ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ಆದರೆ ದೀಪಾವಳಿ ಮುಗಿಸಿ ನೋಡುತ್ತೇನೆ, ಕಡ್ಡಿಗಳ ತುಂಬ ಕೆಂಪು ಚಿಗುರು! ಚಳಿಗೆ ಅದಕ್ಕೆ ತವರು ನೆನಪಾಗಿರಬೇಕು ಎಂದುಕೊಂಡೆ. ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ: ‘ನನ್ನ ಕೈಗುಣ.’ ಪುಣೆಯಿಂದ ಬೀಗರು ಹೆಬ್ಬೆರಳು ಎತ್ತಿದರು. ಔರಾದ ಶಹಾಜನಿಯ ಸೋದರಮಾವ ಫೋನ್ ಮಾಡಿ ನನಗೂ ಒಂದು ಟೊಂಗೆ ಕೊಡು ಎಂದ. ನಾನು ಫೋನಿನಲ್ಲೇ ಅವನಿಗೆ ಬಾರ್ಬೆರಿ ಸಾಕುವ ಬಗ್ಗೆ ಭಾಷಣ ಮಾಡಿದೆ.

ಈ ವರ್ಷದ ಬೇಸಿಗೆ ನಿಮಗೂ ನೆನಪಿರಬಹುದು. ಮಧ್ಯಾಹ್ನ ನಾಯಿಗಳು ಕೂಡ ಅಂಗಡಿಯ ಕೂಲರಿನ ಮುಂದೆ ಬಂದು ಮಲಗುತ್ತಿದ್ದವು. ಕರೆಂಟ್ ಹೋಗಿ ನಿದ್ದೆ ಬಾರದೆ ಒಂದು ಬೆಳಿಗ್ಗೆ ಬೇಗ ಎದ್ದು ಹಿತ್ತಲಿಗೆ ಹೋದೆ. ಗಿಡಗಳ ನೆತ್ತಿಯ ಮೇಲೆ, ಪಡುವಣ ಬಿಸಿಲು ಬೀಳುವ ಕಡೆಗೆ, ಗೋಣಿಚೀಲದ ಒಂದು ಚಪ್ಪರ. ನಾನು ಕಟ್ಟಿದ್ದಲ್ಲ. ಬುಡದಲ್ಲಿ ಸೋಯಾಬೀನ್ ಹೊಟ್ಟು ಹರಡಿದೆ, ತೇವ ಆರದಿರಲಿ ಎಂದು. ಹೊಟ್ಟು ಸರಿಸಿ ನೋಡಿದರೆ ಎರೆ ಮಣ್ಣಿಗೆ ಗರಸಿನಂಥ ಮುರುಮು ಬೆರೆಸಿ ನೀರು ಹರಿದು ಹೋಗಲು ಸಣ್ಣ ಕಾಲುವೆ ಬೇರೆ. ಅಷ್ಟರಲ್ಲಿ ಆ ಕಡೆಯಿಂದ ಗಂಟಲು ಸಾಫ್ ಮಾಡಿಕೊಂಡ ಸಪ್ಪಳ ಕೇಳಿಸಿತು. ನಾನು ದಾಸವಾಳದ ಹಿಂದೆ ಸರಿದು ನಿಂತೆ. ನನ್ನ ಹಿತ್ತಲಲ್ಲಿ ನಾನೇ ಕಳ್ಳ.

ಅಣ್ಣ ತಂಬಿಗೆ ಹಿಡಿದು ಬಂದು ಕುಕ್ಕರಗಾಲಲ್ಲಿ ಕೂತ. ಒದ್ದೆ ಟವಲು. ಒಂದೊಂದು ಬುಡಕ್ಕೂ ನಿಧಾನವಾಗಿ ನೀರು ಬಿಟ್ಟ. ಒಣಗಿದ ಕಡ್ಡಿಯನ್ನು ಬಲಗೈಯಲ್ಲಿ ಮುರಿದು ಬದಿಗಿಟ್ಟ. ಎಡಗೈಯನ್ನು ತೊಡೆಯ ಮೇಲೆ ಎತ್ತಿ ಹಿಡಿದಿದ್ದ. ಅಂಗೈಗೆ ಬಿಳಿ ಬಟ್ಟೆ ಸುತ್ತಿತ್ತು.

ಅವನು ಎದ್ದು ಹೋದ ಮೇಲೆ ವೈನಿ ಬಟ್ಟೆ ಒಣಹಾಕಲು ಬಂದರು. ಗೋಡೆಯ ಮೇಲಿಂದ ಕೇಳಿದೆ: “ವೈನಿ, ಅಣ್ಣನ ಕೈಗಿ ಏನಾಗ್ಯಾದ?”

“ಇದೇ ನಿಮ್ ಗಿಡದ ಮುಳ್ಳು ಶಿವಣ್ಣಾ. ಒಳಗ ಮುರದು ಕೀವಾತು, ಡಾಕ್ಟರ್ ಕೊಯ್ದು ತೆಗೆದ್ರು. ಕೈದು ಹೋಗ್ಲಿ, ಅಂಗೈ ಮ್ಯಾಲ ಲಿಂಗಾ ಇಡಾಕ ಆಗವಲ್ದು. ತಾಟಿನ್ಯಾಗ ಇಟ್ಟು ಪೂಜಾ ಮಾಡ್ತಾರ. ಮನಸ್ಸಿಗಿ ಬರವಲ್ದು ಅಂತಾರ, ಅರ್ಧಾ ಊಟಾ ಬಿಟ್ಟು ಏಳ್ತಾರ.”

ವೈನಿಯ ದನಿಯಲ್ಲಿ ಆಪಾದನೆ ಇರಲಿಲ್ಲ. ಬಟ್ಟೆ ಝಾಡಿಸಿ ಹಾಕುತ್ತಾ ಹೋದರು. ಆಪಾದನೆ ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ನಾನೂ ನಾಲ್ಕು ಮಾತು ಆಡಿ, ಬಾಗಿಲು ಹಾಕಿಕೊಂಡು ಒಳಗೆ ಹೋಗಬಹುದಿತ್ತು. ಸ್ಟೇಟಸ್ಸಿಗೆ ಹಾಕಿದ ‘ಕೈಗುಣ’ ಎಂಬ ಶಬ್ದ ನೆನಪಾಗಿ ಕಿವಿ ಬಿಸಿಯಾದವು. ಆ ದಿನ ಅಂಗಡಿಗೆ ಹೋಗಲಿಲ್ಲ. ಗುದ್ದಲಿ ತಗೊಂಡೆ.

ಮೊದಲ ಏಟು ಬೇರಿಗೆ ತಾಗದೆ ಒಂದು ಟೊಂಗೆಗೆ ತಾಗಿತು. ಸೀಳಿದ ಜಾಗದಲ್ಲಿ ಒಳಗೆಲ್ಲ ಅರಿಶಿನದ ಬಣ್ಣ. ಹೊರಗೆ ಕೆಂಪು, ಒಳಗೆ ಹೀಗೆ ಎಂದು ನನಗೆ ಗೊತ್ತೇ ಇರಲಿಲ್ಲ. ನೋಡುತ್ತಾ ನಿಂತೆ. ಸಪ್ಪಳ ಕೇಳಿ ಅಣ್ಣ ಆ ಕಡೆ ಬಂದು ನಿಂತಿದ್ದ, ಹಿಂದೆ ವೈನಿ.

“ಏನ್ ಮಾಡ್ಲತ್ತೀ?”

“ಕಿತ್ತು ಒಗೀತೀನಿ.”

“ಯಾಕ?”

ಗುದ್ದಲಿಯ ಕಾವು ಹಿಡಿದುಕೊಂಡೇ ಹೇಳಿದೆ: “ನಾ ಇವು ಯಾಕ ಹಚ್ಚೀನಿ, ನಿಂಗ ಗೊತ್ತದೇನಣ್ಣಾ?”

“ಹಚ್ಚಿದ ದಿನಾನೇ ಗೊತ್ತದ. ನಾ ಏನ್ ಕುರುಡದೀನಾ?”

“ಮತ್ತ ನೀರ್ ಯಾಕ ಹಾಕ್ದಿ? ಚಪ್ಪರಾ ಯಾಕ ಕಟ್ಟಿದಿ?”

“ಸಿಟ್ಟು ನಿನ್ ಮ್ಯಾಲ. ಗಿಡದ್ ಏನ್ ತಪ್ಪದ?” ಎಂದ ಅಣ್ಣ. “ಯಾವ್ದೋ ತಂಪು ಊರಿಂದ್ ತಂದು ಈ ಉರಿಯಾಗ ನಿಲ್ಲಿಸಿದಿ. ಅದು ಯಾರಿಗಿ ಹೇಳಬೇಕು?”

“ಸಿಟ್ಟು ಬಂದಿತ್ತಾ?”

“ಬರ್ಲಾರದೇನು? ಇನ್ನೂ ಹೋಗಿಲ್ಲ.”

ನಾನು ತಪ್ಪಾಯಿತು ಎನ್ನಬೇಕಿತ್ತು. ನಮ್ಮ ಮನೆಗಳಲ್ಲಿ ತಮ್ಮ ಅಣ್ಣನಿಗೆ ಹಾಗೆ ಬಾಯಿ ಬಿಟ್ಟು ಹೇಳುವ ರೂಢಿಯಿಲ್ಲ; ಹೇಳದೆ ಇರುವುದಕ್ಕೆ ಅದೊಂದು ಒಳ್ಳೆಯ ನೆವ.

“ಈ ಬಿಸಲಾಗ ಕಿತ್ತರ ಸಾಯ್ತಾವ. ಬೇರು ಹಿಡದಾವ, ಇರ್ಲಿ,” ಎಂದ ಅಣ್ಣನೇ. “ಹೂವು ನೀ ತಂದು ಕೊಡು. ಸುತ್ತಿ ಬಾ. ಹೊಟ್ಟಿ ಬಂದದ ನಿಂಗ, ಇಳೀತದ.”

ಟೊಂಗೆಗಳ ನಡುವೆ ಸಿಕ್ಕ ಗುದ್ದಲಿಯನ್ನು ಎಳೆದುಕೊಳ್ಳಲು ಅವಸರದಲ್ಲಿ ಕೈ ತೂರಿಸಿದೆ. ಮುಳ್ಳು ಅಂಗೈಯಲ್ಲಿ ಆಳವಾಗಿ ಇಳಿದು ಮುರಿಯಿತು. “ಅವ್ವಾ!” ಎಂದು ಬಿಟ್ಟೆ. ಮೊಮ್ಮಗನನ್ನು ಎದುರು ನೋಡುತ್ತಿರುವ ವಯಸ್ಸಿನಲ್ಲಿ.

“ಇಲ್ಲಿ ತಾ,” ಎಂದು ಅಣ್ಣ ಗಿಡದ ಮೇಲಿಂದಲೇ ನನ್ನ ಮಣಿಕಟ್ಟು ಹಿಡಿದು ಆ ಕಡೆ ಎಳೆದುಕೊಂಡ. ಹಿಡಿತ ಬಿಗಿಯಾಗಿತ್ತು, ಸಿಟ್ಟು ಹೋಗಿಲ್ಲ ಎಂದದ್ದು ಸುಳ್ಳಲ್ಲ. ವೈನಿ ಬಳೆಯಿಂದ ಪಿನ್ನು ಬಿಚ್ಚಿ ಕೊಟ್ಟರು. ಅಣ್ಣ ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ, ಬಟ್ಟೆ ಸುತ್ತಿದ ತನ್ನ ಎಡ ಅಂಗೈಯ ಮೇಲೆ, ಲಿಂಗವನ್ನು ಇಡಲಾಗದ ಆ ಅಂಗೈಯ ಮೇಲೆ, ನನ್ನ ಕೈಯನ್ನು ಮಲಗಿಸಿಕೊಂಡ. ಅವನಿಗೆ ನೋವಾಗುತ್ತಿತ್ತು. ಹುಬ್ಬು ಗಂಟಾದದ್ದರಲ್ಲಿ ಕಾಣುತ್ತಿತ್ತು. ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದೆ, ಬಿಡಲಿಲ್ಲ.

ಪಿನ್ನಿನ ಮೊನೆ ಮುಳ್ಳಿನ ಹತ್ತಿರ ಬಂತು. ಅಣ್ಣ ತಲೆ ಎತ್ತದೆ, ಗೊಗ್ಗರು ದನಿಯಲ್ಲಿ ಹೇಳಿದ:

“ತಮ್ಮಾ, ಅಲ್ಲಿ ನೋಡು, ಹದ್ದು.”

ನಾನು ತಲೆ ಎತ್ತಿ ನೋಡಿದೆ. ಮುಳ್ಳು ಹೊರಗೆ ಬಂದ ಮೇಲೂ ಬಹಳ ಹೊತ್ತು ಮೇಲೆಯೇ ನೋಡುತ್ತಿದ್ದೆ. ತಲೆ ಇಳಿಸಿದರೆ ಅಣ್ಣನ ಮುಖ ನೋಡಬೇಕಾಗುತ್ತಿತ್ತು.